ಹಡಗಿನ ಸಂಜೆ ದರ

ನನ್ನ ಗಂಡನದು ತರಕಾರಿ ಅಂಗಡಿ. ಬೆಳಿಗ್ಗೆ ಟೊಮೆಟೊ ಕೇಳಿದವರಿಗೆ ಒಂದು ದರ, ಹೊತ್ತು ಇಳಿದ ಮೇಲೆ ಬಂದವರಿಗೆ ಅರ್ಧ ದರ, ಬಾಗಿಲು ಎಳೆಯುವಾಗ ಬಂದವರಿಗೆ ಕೊಟ್ಟಷ್ಟು ಇಸಿದುಕೊಂಡು ಚೀಲ ತುಂಬಿ ಕಳಿಸುವುದು. ಇದನ್ನೇ ನೋಡಿ ನೋಡಿ, ಲೋಕದಲ್ಲಿರುವುದೆಲ್ಲ ಸಂಜೆಗೆ ಬಾಡುತ್ತದೆ ಎಂಬ ನಂಬಿಕೆ ಈ ಮನುಷ್ಯನ ತಲೆಗೆ ಹತ್ತಿಬಿಟ್ಟಿದೆ. ಯಾವುದನ್ನೂ ಬೇಕಾದಾಗ ಕೊಳ್ಳುವವರಲ್ಲ. ನಮ್ಮ ಮನೆಗೆ ಛತ್ರಿ ಬರುವುದು ಮಳೆಗಾಲ ಮುಗಿದ ಮೇಲೆ.

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಇದಕ್ಕೆ ತದ್ವಿರುದ್ಧ. ಗಡಿಯಾರ ರಿಪೇರಿಯವರು. ಯಾರ ಮನೆಗೆ ಹೋಗುವುದಿದ್ದರೂ ಆ ಮನೆಯವರು ಏಳುವ ಮೊದಲೇ ಹೋಗಿ ಜಗಲಿಯಲ್ಲಿ ಕೂರುವ ಪೈಕಿ. ದ್ವೀಪಗಳನ್ನು ಸುತ್ತಿಸುವ ಹಡಗೊಂದು ಮುಂದಿನ ವರ್ಷ ಹೊರಡುತ್ತದೆ ಎಂದು ತಿಳಿದದ್ದೇ ತಡ, ಮುಂಗಡ ಕಟ್ಟಿ ಬಾಲ್ಕನಿ ಇರುವ ಕೋಣೆಯನ್ನೇ ಆರಿಸಿಕೊಂಡು ಬಂದರು. ಬೇಗ ಬುಕ್ ಮಾಡಿದರೆ ಬೇಕಾದ ಕೋಣೆ ಸಿಗುತ್ತದೆ, ರಿಯಾಯಿತಿಯೂ ಇದೆ, ನೀವೂ ಪಕ್ಕದ ಕೋಣೆ ಹಿಡಿಯಿರಿ ಎಂದು ಅಕ್ಕ ಫೋನ್ ಮಾಡಿದಳು.

ಮದುವೆಯಾದ ಮೇಲೆ ಅಕ್ಕ-ತಂಗಿ ಇಬ್ಬರೂ ನೆಮ್ಮದಿಯಾಗಿ ಕೂತು ಹರಟಿದ್ದೇ ಇಲ್ಲ. ಅವಳು ಬಂದರೆ ನಾನು ಒಲೆಯ ಮುಂದೆ, ನಾನು ಹೋದರೆ ಅವಳು ಒಲೆಯ ಮುಂದೆ. ಹಡಗಿನಲ್ಲಿ ಅಡುಗೆಗೆ ಬೇರೆ ಜನ ಇರುತ್ತಾರಂತೆ. ಸಮುದ್ರ ಹಾಳಾಗಿ ಹೋಗಲಿ, ನನಗೆ ಬೇಕಾಗಿದ್ದದ್ದು ಅದು.

ಇವರು ನಕ್ಕರು. ಹೊರಟ ಹಡಗಿನಲ್ಲಿ ಖಾಲಿ ಕೋಣೆ ಎಂದರೆ ಕೊಳೆತ ಟೊಮೆಟೊ, ಕೊನೆಗೆ ಅವರೇ ಕೈಮುಗಿದು ಕರೆಯುತ್ತಾರೆ, ಭಾವನಿಗೆ ಚೆನ್ನಾಗಿ ಟೋಪಿ ಹಾಕಿದ್ದಾರೆ ಎಂದು ಭಾಷಣ ಬಿಗಿದರು. ಅಂದಿನಿಂದ ದಿನಾ ಒಂದೇ ನಾಟಕ. ಟಿಕೆಟ್ ಕಚೇರಿಯ ಹುಡುಗಿಗೆ ಫೋನ್ ಮಾಡುವುದು, ದರ ಕೇಳುವುದು, ಹಾಗಾದರೆ ಬೇಡ ಬಿಡಮ್ಮ ಎಂದು ಇಟ್ಟುಬಿಡುವುದು. ಆಮೇಲೆ ಫೋನನ್ನೇ ದಿಟ್ಟಿಸುತ್ತ ಕೂರುವುದು. ಅಂಗಡಿಯಲ್ಲಿ ಬೇಡ ಎಂದು ನಾಲ್ಕು ಹೆಜ್ಜೆ ಹೋದ ಗಿರಾಕಿಯನ್ನು ಇವರು ಬಾರಮ್ಮ ಎಂದು ಕರೆಯುತ್ತಾರಲ್ಲ, ಹಾಗೆ ಅವಳೂ ಕರೆಯಬೇಕಿತ್ತು. ಆ ಪುಣ್ಯಾತ್ಗಿತ್ತಿ ಒಂದು ಸಲವೂ ಕರೆಯಲಿಲ್ಲ.

ದರ ಏರಿದಾಗ, ಅದೆಲ್ಲ ಬರೀ ಬಿಂಕ ಎಂದರು. ಒಮ್ಮೆ ನಿಜಕ್ಕೂ ಇಳಿಯಿತು. ನಾನು ಟ್ರಂಕನ್ನು ಅಟ್ಟದಿಂದ ಇಳಿಸಿಯೂ ಆಗಿತ್ತು. ಇಳಿಯಲು ಶುರುವಾದದ್ದು ಇನ್ನೂ ಇಳಿಯುತ್ತದೆ ಎಂದು ಮಹಾನುಭಾವರು ಅದನ್ನೂ ಕೈಬಿಟ್ಟರು. ಬೆಳಗಾಗುವುದರೊಳಗೆ ದರ ಮೊದಲಿಗಿಂತ ಮೇಲೆ ಕೂತಿತ್ತು. ನನಗೆ ಮೈಯೆಲ್ಲ ಉರಿಯಿತು, ಅವರ ಜೊತೆ ಮಾತು ಬಿಟ್ಟೆ. ಅದು ಅವರ ಗಮನಕ್ಕೇ ಬರಲಿಲ್ಲ, ಫೋನ್ ನೋಡುತ್ತಿದ್ದರು.

ಹಡಗು ಹೊರಡುವ ವಾರ ಆ ಹುಡುಗಿ, ಕೋಣೆಗಳೆಲ್ಲ ಮುಗಿದವು ಎಂದಳು. ಇವರು ಫೋನಿಗೆ ಕೈ ಅಡ್ಡ ಹಿಡಿದು, ಸುಳ್ಳು ಹೇಳುತ್ತಾಳೆ, ಒಳಗೆ ಬಚ್ಚಿಟ್ಟಿರುತ್ತಾರೆ ಎಂದು ನನಗೆ ಕಣ್ಣು ಹೊಡೆದರು. ನಾನು ಫೋನ್ ಕಿತ್ತುಕೊಂಡು, ಒಬ್ಬಳಿಗಾದರೂ ಜಾಗವಿದೆಯೇ ಎಂದು ಕೇಳಿದೆ. ಬುಕ್ ಆದ ಕೋಣೆಯಲ್ಲಿ ಮೂರನೆಯವರಾಗಿ ಸೇರಬಹುದು, ಆ ಕೋಣೆಯವರು ಒಪ್ಪಬೇಕು ಅಷ್ಟೇ ಎಂದಳು. ಮೂರನೆಯವರ ದರ ಕೇಳಿದೆ. ಇವರು ವರ್ಷವಿಡೀ ಕನಸು ಕಂಡ ದರಕ್ಕಿಂತ ಕಡಿಮೆ. ಅಕ್ಕನಿಗೆ ಫೋನ್ ಮಾಡಿದರೆ, ನಾನು ವಾಕ್ಯ ಮುಗಿಸುವ ಮೊದಲೇ ಒಪ್ಪಿದಳು. ಭಾವನನ್ನು ಸೋಫಾದ ಮೇಲೆ ಮಲಗಿಸುವುದು ಎಂದು ಭಾವನಿಗೆ ಗೊತ್ತಾಗುವ ಮೊದಲೇ ತೀರ್ಮಾನವಾಯಿತು.

"ಮತ್ತೆ ನಾನು?" ಎಂದರು ಇವರು.

"ನೀವು ಕಾಯ್ತಾ ಇದ್ದೀರಲ್ಲ, ಕಾಯಿರಿ," ಎಂದೆ.

ಬಂದರಿಗೆ ನನ್ನ ಟ್ರಂಕನ್ನು ಅವರೇ ಹೊತ್ತು ತಂದರು. ಕಂಕುಳಲ್ಲಿ ಇನ್ನೊಂದು ಚೀಲವಿತ್ತು. ಅದರ ಬಾಯಿಂದ ಅವರ ಒಳ್ಳೆಯ ಪ್ಯಾಂಟಿನ ಕಾಲು ಇಣುಕುತ್ತಿತ್ತು. ಭಾವ ನಸುಕಿನಿಂದಲೇ ಬಂದು ಬೀಗ ತೆಗೆಯದ ಗೇಟಿನ ಮುಂದೆ ಕೂತಿದ್ದರಂತೆ. ಇವರು ಹಡಗಿನ ಏಣಿಯ ಬುಡದಲ್ಲಿದ್ದ ಬಿಳಿ ಸಮವಸ್ತ್ರದವನ ಹತ್ತಿರ ಹೋಗಿ, ಹೇಗಿದ್ದರೂ ಖಾಲಿ ಹೋಗುವುದು ತಾನೇ, ಈಗ ಎಷ್ಟಕ್ಕೆ ಬಿಡುತ್ತೀಯಪ್ಪ ಎಂದು ಮೆಲ್ಲಗೆ ವಿಚಾರಿಸಿದರು. ಒಂದೂ ಉಳಿದಿಲ್ಲ ಎಂದು ಅವನು ಮರ್ಯಾದೆಯಿಂದಲೇ ಹೇಳಿದ. ಬಾಗಿಲು ಹಾಕುವ ಮೊದಲೇ ಸರಕು ಪೂರಾ ಖಾಲಿಯಾಗುವ ಅಂಗಡಿಯೂ ಭೂಮಿಯ ಮೇಲೆ ಉಂಟು ಎಂದು ಇವರಿಗೆ ತಿಳಿದದ್ದು ಅವತ್ತೇ. ಮುಖ ಇಷ್ಟೇ ಇಷ್ಟಾಯಿತು.

ವಾಪಸ್ ಬಂದು ನನ್ನ ಟ್ರಂಕಿನ ಪಟ್ಟಿ ಬಿಗಿ ಮಾಡಿದರು. ವಾಂತಿಯ ಮಾತ್ರೆ ಇಟ್ಟುಕೊಂಡಿದ್ದೀಯಾ ಎಂದು ಕೇಳಿದರು. ಆಮೇಲೆ ನನ್ನ ಮುಖ ನೋಡದೆ, "ನಿನ್ ಜೊತೆ ಬರ್ಬೇಕು ಅಂತಾನೇ ಇತ್ತು ಕಣೇ," ಎಂದರು.

ನಾನು ಅವರ ತೋಳು ಒತ್ತಿ ಏಣಿ ಹತ್ತಿದೆ.

ಬಾಲ್ಕನಿಯಿಂದ ನೋಡಿದರೆ, ಇವರು ಚೀಲ ಎದೆಗೊತ್ತಿಕೊಂಡು ತಪ್ಪು ಬಾಲ್ಕನಿಗೆ ಕೈ ಬೀಸುತ್ತಿದ್ದರು. ಅಲ್ಲಿದ್ದ ಯಾರೋ ಅಜ್ಜಿ ತಿರುಗಿ ಬೀಸುತ್ತಿದ್ದಳು. ನನಗೆ ನಗುವೂ ಬಂತು, ಕಣ್ಣೂ ತುಂಬಿತು. ಹಡಗು ಇನ್ನೂ ಅಲುಗಿರಲಿಲ್ಲ, ಏಣಿಯೂ ಅಲ್ಲೇ ಇತ್ತು. ಅಕ್ಕ ಪಕ್ಕಕ್ಕೆ ಬಂದು ನಿಂತಳು.

"ಬೇಜಾರಾಗ್ತಿದೆಯೇನೇ?"

"ಆಗ್ತಿದೆ," ಎಂದೆ. "ಆದ್ರೆ ಇಳಿದು ಹೋಗೋ ಅಷ್ಟೇನಿಲ್ಲ."