ಎಡ್ಮಂಡ್ ಥ್ರೇಲನ ಹಿತ್ತಲಿನ ಲೋಟ

೧. ಎಲ್ಲಿಂದ ಶುರು ಮಾಡುವುದು? ಥ್ರೇಲನ ಕಾಲದ ದಂಗೆಯಿಂದ ಎಂದರೆ ಬೆಂಕಿ, ಕುದುರೆ, ಬಂದೂಕು ಎಲ್ಲ ಬೇಕಾಗುತ್ತದೆ. ಎಪ್ಪತ್ತೆರಡು ವರ್ಷದ ಡಾಕ್ಟರ್ ರಾಜಲಕ್ಷ್ಮಿಗೆ ಅಷ್ಟು ತ್ರಾಣವಿಲ್ಲ. ಆದ್ದರಿಂದ, ಓದುಗರೇ, ಸರೋವರದ ದಂಡೆಯ ಊರು ಪೋರ್ಟ್ ಕ್ರೆಡಿಟ್ಟಿನ ಕಾಂಡೋ ಫ್ಲ್ಯಾಟಿನಲ್ಲಿ ಅವಳ ಮಧ್ಯಾಹ್ನದ ಅರೆನಿದ್ದೆಯಿಂದ ಹೊರಡೋಣ.

೨. (ಮೊದಲ ಡ್ರಾಫ್ಟು, ಹರಿದುಹಾಕಿದ್ದು.) ಎಡ್ಮಂಡ್ ಥ್ರೇಲ್, ಕೆರೊಲಿನಾದ ಭತ್ತದ ಗದ್ದೆಗಳ ಧಣಿ, ಬ್ರಿಟಿಷ್ ದೊರೆಯ ಮ್ಯಾಜಿಸ್ಟ್ರೇಟ್. ಸುಮಾರು ಇನ್ನೂರೈವತ್ತು ವರ್ಷದ ಹಿಂದೆ ಅಮೆರಿಕದವರು ದೊರೆಯ ಮೇಲೆ ದಂಗೆಯೆದ್ದಾಗ ಎಲ್ಲ ಬಿಟ್ಟು, ಬ್ರಿಟಿಷರ ಕೈಯಲ್ಲೇ ಉಳಿದ ಈ ಸರೋವರದ ದಂಡೆಗೆ ಓಡಿಬಂದವನು. ಎಲ್ಲ ಅಂದರೆ ಎಲ್ಲ ಅಲ್ಲ. ಅಡುಗೆ ಮಾಡುವ ಗುಲಾಮ ಹೆಂಗಸು ಫೀಬಿಯನ್ನು ಜೊತೆಗೇ ತಂದ. ಕನ್ನಡ ಸಂಘದ ಸಂಚಿಕೆಗೆ ರಾಜಲಕ್ಷ್ಮಿ ಬರೆಯುತ್ತಿರುವ ಕಥೆ ಇದು. ಕೊನೆಯ ಪುಟದಲ್ಲಿ ಥ್ರೇಲನಿಗೆ ಛೀಮಾರಿ ಹಾಕಿ ನೆಮ್ಮದಿಯಾಗಿರಬೇಕೆಂದು ಅವಳ ಆಸೆ.

೪. (ಮೂರು ಎಲ್ಲಿ ಎಂದು ಕೇಳಬೇಡಿ. ಅದರಲ್ಲಿ ಥ್ರೇಲ್ ಪಶ್ಚಾತ್ತಾಪ ಪಡುತ್ತಿದ್ದ. ನಮಗೇ ನಗು ಬಂತು.) ಮಂಜಿನಲ್ಲಿ, ಕಟ್ಟಿಹಾಕಿದ ದೋಣಿಗಳ ನಡುವಿನಿಂದ ಥ್ರೇಲ್ ರಾಜಲಕ್ಷ್ಮಿಯ ಅರೆನಿದ್ದೆಯೊಳಗೆ ನಡೆದು ಬಂದು ಸೋಫಾದಲ್ಲಿ ಕುಳಿತ. ಬೂಟಿನಿಂದ ನೀರು ಸೋರುತ್ತಿತ್ತು, ಕಾರ್ಪೆಟ್ಟು ಒದ್ದೆಯಾಗಲಿಲ್ಲ. ಆಡಿದ್ದು ಧಾರವಾಡದ ಕನ್ನಡ. ಬರೆದವಳದು ಅದೇ ತಾನೆ?

“ಡಾಕ್ಟರ, ನಾ ಮಾಡಿದ್ದೆಲ್ಲಾ ಬರೀರಿ. ಮಾರಿದ್ದು, ಹೊಡಸಿದ್ದು, ಎಲ್ಲಾ. ಆದ್ರ ಕಥ್ಯಾಗ ನನ್ನ ಹಿತ್ತಲದಾಗ ಫೀಬಿಗೆ ಬ್ಯಾರೆ ಲೋಟಾ ಇಟ್ಟೀರಲ್ಲ, ಮುಟ್ಟಲಾರದಂಗ ಮ್ಯಾಲಿಂದ ನೀರು ಸುರುವೋದು? ಅದು ನಮ್ಮ ಮನ್ಯಾಗ ಇರಲಿಲ್ಲ. ಆಕಿ ನಾದಿದ ರೊಟ್ಟೀನ ನಾ ತಿಂತಿದ್ದೆ. ಸಾರಿ, ದಟ್ ಈಸ್ ನಾಟ್ ಮೈನ್. ಯಾರ ಮನೀದು ಅದು?”

ಲೋಟದ ಆ ಸಾಲನ್ನು ಅವಳು ಯೋಚಿಸಿ ಬರೆದಿರಲಿಲ್ಲ, ಕೈ ತಾನಾಗಿಯೇ ಬರೆದಿತ್ತು. ಅಜ್ಜಿಯ ಮನೆ, ಹಿತ್ತಲ ಗೋಡೆಯ ಗೂಡು, ನೆಗ್ಗಿದ ಅಲ್ಯುಮಿನಿಯಂ ಲೋಟ. ಕಸ ಬಳಿಯಲು ಬರುತ್ತಿದ್ದ ದಾನವ್ವನಿಗೆ ಮೇಲಿನಿಂದ ನೀರು ಸುರಿಯುವುದು ಆರು ವರ್ಷದ ರಾಜಲಕ್ಷ್ಮಿಗೆ ಆಟವಾಗಿತ್ತು. ಈಗ ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು.

“ರಾಜೀ, ಕಥಿ ಮುಗೀತೇನು? ಎಡಿಟರ್ ಟೆಕ್ಸ್ಟ್ ಮಾಡ್ಯಾರ,” ಎಂದ ಗಂಡ ಮುಕುಂದ್, ಒಳಗಿನಿಂದ.

“ಲೋಟಾ ತಗದ್ರ ಮುಗೀತದ.”

೫. ಅಂತ್ಯ ಒಂದು: ಲೋಟ ತೆಗೆಯುವುದು. ಫೀಬಿಗೆ ಬಿಡುಗಡೆ, ಥ್ರೇಲನಿಗೆ ಛೀಮಾರಿ, ಸಂಘದಲ್ಲಿ ಚಪ್ಪಾಳೆ.

ಅಂತ್ಯ ಎರಡು: ಲೋಟವನ್ನು ಅದರ ಮನೆಗೇ ಮುಟ್ಟಿಸುವುದು. ಆಗ ಥ್ರೇಲನ ಪಕ್ಕದಲ್ಲೇ ಅಜ್ಜಿ, ಮೊಮ್ಮಗಳು ಇಬ್ಬರೂ ಅಚ್ಚಾಗುತ್ತಾರೆ. ಪರಿಚಯದವರೆಲ್ಲ ಓದುತ್ತಾರೆ.

ರಾಜಲಕ್ಷ್ಮಿ ಎರಡನೆಯದನ್ನೇ ಹಿಡಿದು ‘ದಾನವ್ವ’ ಎಂದು ಟೈಪ್ ಮಾಡಿದಳು. (ಧೈರ್ಯವೆಂದು ನಾನೂ ಮೆಚ್ಚಿಕೊಂಡೆ. ದುಡುಕಿದೆ.) ಥ್ರೇಲನ ಹಾಗೆಯೇ ದಾನವ್ವನೂ ಬಂದು ಬಾಗಿಲಲ್ಲೇ ನಿಂತಳು.

“ಒಳಗ ಬಾ, ದಾನವ್ವ. ಕೂಡು.”

“ಬ್ಯಾಡ್ರಿ, ಸಣ್ಣ ಅವ್ವಾರ. ಕರದೀರಂತ ಬಂದೀನಿ. ನನ್ನ ಮುಂದ ಮಾಡಿ ನೀವು ಛಲೋ ಅನಿಸ್ಕೋಬ್ಯಾಡ್ರಿ.”

ರಾಜಲಕ್ಷ್ಮಿ ಕುರ್ಚಿಯಿಂದ ಎದ್ದಳು. ದಾನವ್ವ ಕೂರುವ ತನಕ ತಾನು ಕೂರಬಾರದು ಎಂದಷ್ಟೇ ಅವಳಿಗೆ ಹೊಳೆದದ್ದು. ಕಥೆ ಕಳಿಸಿದಳೋ ಇಲ್ಲವೋ, ನಾನು ಹೇಳುವುದಿಲ್ಲ. ಇಬ್ಬರೂ ಇನ್ನೂ ನಿಂತಿದ್ದಾರೆ.