ತಳದ ಅಗುಳು

ಅನ್ನ ಬೆಂದಿದೆಯೇ ಎಂದು ನಾನು ಒಂದೇ ಅಗುಳು ಹಿಚುಕಿ ನೋಡಿದರೆ ಅಪ್ಪನಿಗೆ ಸಮಾಧಾನವಿರಲಿಲ್ಲ. "ಮ್ಯಾಲಿನ ಅಗಳು ಮ್ಯಾಲಿಂದಷ್ಟ ಹೇಳ್ತೈತಿ, ತಳದ್ದು ತಗದ ನೋಡು," ಎಂದು ಒಲೆಯ ಮುಂದೆಯೂ ತನ್ನ ಕಸುಬು ತೆಗೆಯುತ್ತಿದ್ದ. ಧಾನ್ಯದ ಪೇಟೆಯಲ್ಲಿ ಕಾಳು ಪರೀಕ್ಷಿಸುವುದು ಅವನ ಕೆಲಸ. ಮೊನೆಯುಳ್ಳ ಕಬ್ಬಿಣದ ಕೊಳವೆಯನ್ನು ಚೀಲದ ಬಾಯಿಗೆ, ನಡುವಿಗೆ, ಬುಡಕ್ಕೆ ಚುಚ್ಚಿ, ಅಂಗೈ ಮೇಲೆ ಕಾಳು ಸುರಿದುಕೊಂಡು ನೋಡಿದ ಮೇಲೆಯೇ ಹ್ಞೂಂ ಅನ್ನುತ್ತಿದ್ದ. ಪೇಟೆಯ ಮಂದಿ ಅವನನ್ನು ಮೂರು ಚುಚ್ಚಿನ ಗುರುಪಾದಪ್ಪ ಎಂದೇ ಕರೆಯುತ್ತಿದ್ದರು.

ಅಂಥವನ ಕಣ್ಣುಗಳು ಒಂದು ಸುಗ್ಗಿಯಲ್ಲಿ ಅರಿಸಿನದ ಬಣ್ಣಕ್ಕೆ ತಿರುಗಿದವು. ಮೈಯೆಲ್ಲ ತುರಿಕೆ. ಪಿತ್ತನಾಳ ಒಂದು ಕಡೆ ಬಿಗಿದುಕೊಂಡಿದೆ, ಕ್ಯಾನ್ಸರ್ ಇರಬಹುದು ಎಂದರು ಡಾಕ್ಟರ್ ವಾರಿಜಾ. ಬಾಯಿಯಿಂದ ಕೊಳವೆ ಇಳಿಸಿ, ಪುಟ್ಟ ಬ್ರಷ್ಷಿನಿಂದ ಆ ಜಾಗವನ್ನು ಉಜ್ಜಿ, ಅಂಟಿದ ಕೋಶಗಳನ್ನು ಪರೀಕ್ಷೆಗೆ ಕಳಿಸಿದರು. ಪಿತ್ತ ಹರಿಯಲೆಂದು ಒಂದು ಸ್ಟೆಂಟ್ ಇಟ್ಟರು. ಎಚ್ಚರವಾದ ಮೇಲೆ ಅಪ್ಪ ಬಿಕ್ಕಿ ಬಿಕ್ಕಿ ಅತ್ತ. "ಇನ್ನೊಮ್ಮಿ ಆ ಕೊಳವಿ ಬ್ಯಾಡ ಯವ್ವಾ, ಸತ್ತರ ಸಾಯ್ತೀನಿ," ಎಂದ. ಅವ್ವ ಸತ್ತಾಗಲೂ ಅವನು ಹಾಗೆ ಅತ್ತಿರಲಿಲ್ಲ.

ವಾರದ ಮೇಲೆ ರಿಪೋರ್ಟ್ ಬಂತು. ಅಪ್ಪ ಆಸ್ಪತ್ರೆಯ ಬೇವಿನ ಮರದ ಕೆಳಗೆ ಕೂತಿದ್ದ. ಒಳಗೆ ಹೋದವಳು ನಾನೊಬ್ಬಳೇ. ಹೊರಬಂದು, "ಕ್ಯಾನ್ಸರ್ ಕಂಡಿಲ್ಲಪ್ಪಾ," ಎಂದೆ. ಅವನು ಎದ್ದು ನನ್ನ ತಲೆಯ ಮೇಲೆ ಕೈಯಿಟ್ಟ. ಸಂಜೆ ಪೇಟೆಯಲ್ಲೆಲ್ಲ ಸಕ್ಕರೆ ಹಂಚಿದ. ಇಬ್ಬರಿಗೂ ಹೋದ ಜೀವ ಬಂದಂತಾಗಿತ್ತು.

ಐದು ತಿಂಗಳಿಗೆ ಕಣ್ಣು ಮತ್ತೆ ಹಳದಿಯಾದವು. ಈ ಸಲ ನಾಳದೊಳಗೆ ಇಣುಕಿ ನೋಡಿಯೇ ನಾಲ್ಕಾರು ಚೂರು ಕಿತ್ತು ಪರೀಕ್ಷಿಸಿದರು. ಕ್ಯಾನ್ಸರ್ ಇತ್ತು. ಪಿತ್ತಜನಕಾಂಗಕ್ಕೂ ಹಬ್ಬಿ, ಆಪರೇಷನ್ನಿನ ಕಾಲ ಮೀರಿತ್ತು.

ಅಪ್ಪನ ಮಂಚದ ಪಕ್ಕ ಕೂತವಳಿಗೆ ಇನ್ನು ಮುಚ್ಚಿಡಲು ಆಗಲಿಲ್ಲ.

"ಅವತ್ತ ಡಾಕ್ಟರು ಇನ್ನೊಂದು ಮಾತು ಹೇಳಿದ್ರಪ್ಪಾ. ಸಿಗಲಿಲ್ಲ ಅಂದ್ರ ಇಲ್ಲ ಅಂತಲ್ಲ, ಆ ಜಾಗದಾಗ ಬ್ರಷ್ಷಿಗೆ ಎಷ್ಟೋ ಸಲ ಸಿಗೂದಿಲ್ಲ, ಬೇರೆ ರೀತಿಲೆ ಮತ್ತ ತಗದ ನೋಡಬೇಕು ಅಂದ್ರು. ತಾರೀಕು ಬರೆದು ಚೀಟಿ ಕೊಟ್ಟಿದ್ರು. ನೀ ಅಷ್ಟು ಅತ್ತಿದ್ದಿ, ನನಗ ಹೇಳಾಕ ಆಗ್ಲಿಲ್ಲ. ಚೀಟಿ ಅಕ್ಕಿ ಡಬ್ಬಿ ತಳದಾಗ ಹಾಕಿದೆ."

ಬೈಯಲಿ, ಹೊಡೆಯಲಿ ಎಂದು ಕಾದೆ. ಅಪ್ಪ ಗೋಡೆಯ ಕಡೆ ನೋಡುತ್ತಿದ್ದ.

"ಗೊತ್ತೈತಿ," ಎಂದ. "ಮೂರನೇ ದಿನಾನ ಸಿಕ್ಕಿತ್ತು. ತಳ ನೋಡದ ಬಿಡೂ ಮನುಷ್ಯಾ ಏನವ್ವಾ ನಾನು? ಓದಿ ಅಲ್ಲೇ ಇಟ್ಟೆ."

"ಯಾಕಪ್ಪಾ?"

"ಕೊಳವಿಗೆ ಅಂಜಿದೆ. ಮತ್ತ ನೀನೂ ನಕ್ಕೋಂತ ಅಡ್ಡಾಡ್ತಿದ್ದಿ."

ಅವನು ನನ್ನ ಅಂಗೈ ಹಿಡಿದುಕೊಂಡ. ಅಪ್ಪನೂ ನಾನೂ ಸೇರಿಯೇ ಆ ಐದು ತಿಂಗಳನ್ನು ಕಳೆದುಕೊಂಡೆವು ಎಂದು ನನಗೆ ಆಗ ತಿಳಿಯಿತು.

ಅಪ್ಪ ಹೋಗಿ ಎಷ್ಟೋ ಸುಗ್ಗಿ ಕಳೆದವು. ಈಗಲೂ ಅನ್ನ ಕುದಿಯುವಾಗ ಮೇಲಿನದೊಂದು, ನಡುವಿನದೊಂದು ಅಗುಳು ತೆಗೆದು ಹಿಚುಕುತ್ತೇನೆ. ಸೌಟನ್ನು ತಳಕ್ಕೆ ಇಳಿಸುವ ಮೊದಲು ಮಾತ್ರ ಕೈ ಸ್ವಲ್ಪ ಹೊತ್ತು ಹಾಗೇ ನಿಲ್ಲುತ್ತದೆ.