ಕೊನೆಯ ಎರಡು ಮೊಳ

ನಾನು ಒಂದು ಸಿನಿಮಾ ರೀಲು. ಹತ್ತನೆಯದು, ಕೊನೆಯದು. ಅಮೆರಿಕದಲ್ಲಿ ಚಿತ್ರ ಮೂಡಿಸುವ ಔಷಧಿಯ ತೊಟ್ಟಿಯಿಂದ ಎದ್ದು ಹುಟ್ಟಿದವನು. ನನ್ನ ಒಂಬತ್ತು ಅಣ್ಣಂದಿರ ಮೈತುಂಬ ಬರೀ ಜಗಳ. ಎದುರಾಳಿ ಪತ್ರಿಕೆಗಳ ಇಬ್ಬರು ವರದಿಗಾರರು, ಒಬ್ಬ ಗಂಡು, ಒಬ್ಬಳು ಹೆಣ್ಣು. ಬಾಂಬು ಬೀಳುವ ಊರಿನಲ್ಲಿ ಒಬ್ಬರ ಸುದ್ದಿ ಒಬ್ಬರು ಕದಿಯುತ್ತಲೇ ಪ್ರೀತಿಗೆ ಬೀಳುತ್ತಾರೆ. ಒಂಬತ್ತನೆಯವನ ಕೊನೆಗೆ ಆ ವರದಿಗಾರ ಸತ್ತನೆಂದು ತಂತಿ ಬರುತ್ತದೆ. ಆ ಸುದ್ದಿಯನ್ನೂ ಎಲ್ಲರಿಗಿಂತ ಮೊದಲು ಅಚ್ಚಿಗೆ ಕಳಿಸುವವಳು ಅವಳೇ. ಆದರೂ ಮನಸ್ಸು ಕೇಳದೆ ರೈಲು ನಿಲ್ದಾಣಕ್ಕೆ ಹೋಗಿ ನಿಲ್ಲುತ್ತಾಳೆ. ಎಲ್ಲರೂ ಇಳಿದು ಹೋದ ಮೇಲೆ, ನನ್ನ ಕಟ್ಟಕಡೆಯ ಎರಡು ಮೊಳದಲ್ಲಿ, ಅವನು ಇಳಿಯುತ್ತಾನೆ. ನನ್ನ ಜಂಬವೆಲ್ಲ ಅಷ್ಟರಲ್ಲೇ ಇತ್ತು.

ಹಡಗು ಹತ್ತಿ ಮುಂಬಯಿಗೆ, ಅಲ್ಲಿಂದ ಬೆಳಗಾವಿ ಕ್ಯಾಂಪಿನ ಟಾಕೀಸಿಗೆ ಬಂದೆ. ಅಲ್ಲಿ ಆಟ ಮುಗಿದೊಡನೆ ಇಂಗ್ಲೆಂಡಿನ ದೊರೆಯ ಗೀತೆ ಹಾಕುತ್ತಿದ್ದರು. ಎಲ್ಲರೂ ಅಲುಗಾಡದೆ ನಿಲ್ಲಬೇಕು. ಅದನ್ನು ತಪ್ಪಿಸಿಕೊಳ್ಳಲು ಸೋಲ್ಜರುಗಳು ತೆರೆಯ ಮೇಲೆ ರೈಲು ಕಂಡದ್ದೇ ತಡ ಬಾಗಿಲಿಗೆ ನುಗ್ಗುತ್ತಿದ್ದರು. ನನ್ನವನು ಇಳಿಯುವುದನ್ನು ನೋಡುತ್ತಿದ್ದವಳು ಒಬ್ಬಳೇ, ಕಸಬರಿಗೆ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದ ಬಾಳವ್ವ. ಅವಳ ಗಂಡ ಬರ್ಮಾದ ಯುದ್ಧಕ್ಕೆ ಹೋಗಿದ್ದ. ಒಂಬತ್ತು ತಿಂಗಳಿಂದ ಅವನ ಕಾಗದವಿರಲಿಲ್ಲ.

"ಅಣ್ಣಾರ, ಈ ಮನಿಶಾ ದಿನಾ ಇಳೀತಾನಲ್ರಿ, ಅದನ್ನ ನೋಡಿದ್ರ ನನಗ ತುತ್ತು ಇಳಿತೈತಿ," ಎಂದು ಮೇಲಿನ ಕೋಣೆಯಲ್ಲಿ ಯಂತ್ರ ಓಡಿಸುವ ಆಪರೇಟರ್ ನೇಮಣ್ಣನಿಗೆ ಹೇಳುತ್ತಿದ್ದಳು.

ನೇಮಣ್ಣನ ಮನಸ್ಸು ಕರಗಿತು. ಕೊನೆಯ ತುಂಡನ್ನು ಹೇಗೂ ಯಾರೂ ನೋಡುವುದಿಲ್ಲ ಎಂದುಕೊಂಡು ಕತ್ತರಿ ಎತ್ತಿದ. ನೋಡುವವಳು ಯಾರೆಂಬುದೇ ಆ ಪುಣ್ಯಾತ್ಮನಿಗೆ ಮರೆತುಹೋಯಿತು! ಎರಡು ಮೊಳವನ್ನು ಸುರುಳಿ ಸುತ್ತಿ ಅವಳ ಕೈಗಿಟ್ಟ. "ಹಿಡಿ ತಂಗಿ. ಇದರಾಗ ಅಂವ ಅದಾನ. ಒಲಿ ಹತ್ರ ಒಯ್ಯಬ್ಯಾಡ, ಭಗ್ಗಂತೈತಿ."

ಅವಳು ಸೆರಗಿಗೆ ಕಟ್ಟಿಕೊಂಡು ಕೆಳಗಿಳಿದು ಬಾಗಿಲಲ್ಲಿ ನಿಂತಳು. ಮ್ಯಾಟಿನಿ ಓಡಿತು. ರೈಲು ಬಂತು, ಜನ ಇಳಿದರು, ತೆರೆ ಬೆಳ್ಳಗಾಯಿತು. ಕೂಗಲು ನನಗೆ ಬಾಯಿರಲಿಲ್ಲ.

"ಇವತ್ತ ಇಳೀಲಿಲ್ಲಲ್ರಿ ಅಣ್ಣಾರ!"

ನೇಮಣ್ಣ ಎದ್ದುಬಿದ್ದು ಓಡಿಬಂದ. "ಏ ಹುಚ್ಚಿ, ನಾನ ಕತ್ತರಿಸೇನಿ! ನಿನ್ನ ಸೆರಗಿನ್ಯಾಗ ಅದಾನ ನೋಡ!"

ಅವಳು ಗಂಟು ಬಿಚ್ಚಿ ಸುರುಳಿಯನ್ನು ಬೆಳಕಿಗೆ ಹಿಡಿದಳು. ಉಗುರಿನಷ್ಟು ಚೌಕಗಳು. ಒಂದೊಂದರಲ್ಲೂ ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ಗಾಳಿಯಲ್ಲಿ. ಯಾವುದರಲ್ಲೂ ಅವನು ನೆಲ ಮುಟ್ಟಿದಂತೆ ಅವಳಿಗೆ ಕಾಣಲಿಲ್ಲ.

"ಸಮಾಧಾನಕ್ಕ ಹೇಳಾಕತ್ತೀರಿ, ಬಿಡ್ರಿ," ಎಂದು ಸುರುಳಿಯನ್ನು ಅವನ ಕೈಗೇ ಹಾಕಿ ಹೋದಳು. ಮರುದಿನ ಬಳೆ ಒಡೆದುಕೊಂಡಳಂತೆ.

ನೇಮಣ್ಣ ಅಳುತ್ತಲೇ ಅಂಟು ಹಚ್ಚಿ ತುಂಡನ್ನು ನನ್ನ ಮೈಗೆ ಮತ್ತೆ ಸೇರಿಸಿದ. ಎರಡು ಸಲ ಅವಳ ಮನೆಗೆ ಹೋಗಿ ಕರೆದ. ಮೂರು ವಾರ, ದಿನಕ್ಕೆ ಎರಡಾಟ, ಅವನು ಇಳಿದೇ ಇಳಿದ. ಬಾಗಿಲಲ್ಲಿ ಬೇರೆ ಯಾರೋ ಕಸಬರಿಗೆ ಹಿಡಿದು ಆಕಳಿಸುತ್ತಿದ್ದರು.

ಆಮೇಲೆ ಊರೂರು ತಿರುಗಿದೆ, ಗೀರುಬಿದ್ದೆ, ಡಬ್ಬಿಯಲ್ಲಿ ಜಿಗುಟಾದೆ. ಈಗ ಗುಜರಿಯ ಅಂಗಳದಲ್ಲಿದ್ದೇನೆ. ಮೈಮೇಲಿನ ಚಿತ್ರಗಳೊಳಗಿನ ಬೆಳ್ಳಿಗಾಗಿ ನನ್ನನ್ನು ಬಿಸಿನೀರಿನಲ್ಲಿ ತೊಳೆಯುತ್ತಿದ್ದಾರೆ. ನಿಲ್ದಾಣ ಹೋಯಿತು, ರೈಲು ಹೋಯಿತು. ಬಾಳವ್ವಾ, ನಿನ್ನ ಗಂಡನ ಸುದ್ದಿ ನನಗೆ ಗೊತ್ತಿಲ್ಲ. ಆದರೆ ನನ್ನವನು ಇಳಿದಿದ್ದ ಕಣವ್ವಾ, ಅವತ್ತೂ, ನಿನ್ನ ಸೆರಗಿನೊಳಗೆ, ಇಳಿದಿದ್ದ.